ಮನ್ಯಾಗಿನ ಚೋಳು: ಮಂತ್ರದಿಂದ ಗುಳಿಗಿ ತನಕ

ಮಿರಗದ ಮಳಿ ಬಿತ್ತಂದ್ರ ನಮ್ಮ ಕಡೆ ಎರಡು ಕೆಲಸ ಶುರು ಆಗ್ತಾವು. ಗಂಡಸರಿಗೆ ಬಿತ್ತಿಗಿ, ಹೆಂಗಸರಿಗೆ ನೋಡಿ ನೋಡಿ ಕೈ ಇಡೂದು. ಒಣಗಿದ ನೆಲಕ್ಕ ನೀರು ಇಳೀತಂದ್ರ ಸಂದಿಗೊಂದ್ಯಾಗ ಇದ್ದ ಚೋಳು ಹೊರಗ ಬರ್ತಾವು. ಪುಸ್ತಕದಾಗ ಚೇಳು ಅಂತ ಬರೀತಾರ, ಸಂಸ್ಕೃತದಾಗ ವೃಶ್ಚಿಕ, ನಮಗ ಮಾತ್ರ ಅದು ಚೋಳು. ಹೋದ ವಾರ ಓಣ್ಯಾಗಿನ ನಾಕೈದು ಮಂದಿ ಕೂಡಿ ಕುಂತಾಗ ಇದರ ಮಾತು ಬಂತು. ಒಬ್ಬಾಕಿ ಮಂತ್ರ ಅಂದ್ಳು, ಒಬ್ಬಾಕಿ ಹುಣಸೀ ಬೀಜ ಅಂದ್ಳು, ಸಣ್ಣ ಸೊಸಿ ಒಬ್ಬಾಕಿ ದವಾಖಾನಿ ಅಂದ್ಳು. ಯಾರ ಮಾತು ಖರೇ ಅಂತ ತಿಳೀಬೇಕಂದ್ರ ಈ ಚೋಳಿನ ಇತಿಹಾಸಾನ ಒಂದು ಸಲ ನೋಡಬೇಕು. ಅದು ರಾಜರ ಇತಿಹಾಸ ಅಲ್ರಿ, ನಮ್ಮ ಅಡಗೀ ಮನಿ, ಬಚ್ಚಲ, ಕೊಟ್ಟಿಗಿ ಇತಿಹಾಸ.

ಮೊದಲು ಒಂದು ವಿಚಾರ ಮಾಡ್ರಿ. ಹಳೇ ಮನ್ಯಾಗ ಚೋಳು ಎಲ್ಲೆಲ್ಲಿ ಇರ್ತಿದ್ವು? ಕುಳ್ಳಿನ ಬುಟ್ಟ್ಯಾಗ, ಕಟ್ಟಿಗಿ ರಾಶ್ಯಾಗ, ಮಣ್ಣಿನ ಗ್ವಾಡಿ ಸಂದ್ಯಾಗ, ಮ್ಯಾಳಿಗಿ ಜಂತ್ಯಾಗ, ಅಡಕಲ ಗಡಿಗಿ ಹಿಂದ, ಮಡಚಿಟ್ಟ ಕೌದ್ಯಾಗ, ಬಚ್ಚಲ ಕಲ್ಲಿನ ಕೆಳಗ. ಈ ಜಾಗಾಕ್ಕೆಲ್ಲ ದಿನಾ ಕೈ ಹಾಕೂವರು ಯಾರು? ನಾವ. ಇಲ್ಲಾಂದ್ರ ನಾವು ಕಳಿಸಿದ ಹುಡುಗ್ರು. ನಸುಕಿನ್ಯಾಗ ಎದ್ದು, ಕಂದೀಲು ಬೆಳಕಿನ್ಯಾಗ ಒಲಿಗೆ ಕುಳ್ಳು ತಗೊಳ್ಳಾಕ ಕೈ ಚಾಚಿದಾಕಿಗೆ ಕಡೀತಿತ್ತು. ಹಾವು ಹೊಲದಾಗಿನ ಭಯ ಆದ್ರ ಚೋಳು ಮನ್ಯಾಗಿನ ಭಯ.

ಚೋಳು ಎಲ್ಲಿ ಇರ್ತಾವು ಅನ್ನೂದು ಭಾಳ ಹಳೇ ಕಾಲದ ಮಂದಿಗೂ ಗೊತ್ತಿತ್ತು. ಸುಶ್ರುತ ಸಂಹಿತೆ ಅಂತ ಆಯುರ್ವೇದದ ದೊಡ್ಡ ಗ್ರಂಥ ಐತಲ್ಲ, ಅದರ ಕಲ್ಪಸ್ಥಾನ ಅನ್ನೂ ಭಾಗ ಪೂರಾ ವಿಷದ್ದ. ಅದರಾಗ ಚೋಳಿನ ಜಾತಿ ಮೂರು ಮಾಡ್ಯಾರ: ಕಡಿಮಿ ವಿಷದ್ದು, ನಡುವಿನದ್ದು, ಜೋರು ವಿಷದ್ದು. ಕಡಿಮಿ ವಿಷದ್ದು ಕೊಳೆತ ಸಗಣ್ಯಾಗ ಹುಟ್ಟತೈತಿ, ನಡುವಿನದ್ದು ಕಟ್ಟಿಗಿ-ಇಟ್ಟಂಗ್ಯಾಗ ಹುಟ್ಟತೈತಿ, ಜೋರು ವಿಷದ್ದು ಹಾವಿನಂಥ ವಿಷಜಂತುವಿನ ಕೊಳೆತ ದೇಹದಾಗ ಹುಟ್ಟತೈತಿ ಅಂತ ಬರದಾರ. ಸಗಣ್ಯಾಗ ಚೋಳು ಹುಟ್ಟೂದಿಲ್ಲ ಅಂತ ಈಗ ನಮಗ ಗೊತ್ತೈತಿ. ತಾಯಿ ಚೋಳು ಮೊಟ್ಟಿ ಇಡೂದಿಲ್ಲ, ಜೀವಂತ ಮರಿ ಹಾಕತೈತಿ. ಮರಿ ಮೊದಲನೇ ಸಲ ಪೊರಿ ಬಿಡೂತನಕ ಬೆನ್ನ ಮ್ಯಾಲ ಹೊತ್ತು ತಿರಗತೈತಿ. ಮರಿಗೋಳು ತಾಯಿ ಹೊಟ್ಟಿ ಒಡಕೊಂಡು ಬರ್ತಾವು, ತಾಯೀನ ತಿಂದು ಬೆಳೀತಾವು ಅಂತ ನಮ್ಮ ಹಿರ್ಯಾರು ಹೇಳ್ತಿದ್ದದ್ದು ಸುಳ್ಳು. ಬೆನ್ನ ತುಂಬ ಬಿಳೇ ಮರಿ ಕುಂತಿದ್ದು ನೋಡಿ ಹಂಗ ಅನಿಸಿರಬೇಕು.

ಆದ್ರ ಸುಶ್ರುತದ ಮಾತಿನ್ಯಾಗ ಒಂದು ಖರೇ ಐತಿ. ಸಗಣಿ, ಕಟ್ಟಿಗಿ, ಇಟ್ಟಂಗಿ. ಇವತ್ತಿಗೂ ಚೋಳು ಹುಡಕಬೇಕಂದ್ರ ಅಲ್ಲೇ ನೋಡಬೇಕು. ಹುಟ್ಟೂ ಜಾಗಾ ತಪ್ಪಿದ್ರೂ ಇರೂ ಜಾಗಾ ತಪ್ಪಿಲ್ಲ. ಎಲ್ಲಾ ಚೋಳಿನ ವಿಷ ಒಂದ ನಮೂನಿ ಇರೂದಿಲ್ಲ ಅಂತ ಅವರು ಕಂಡುಕೊಂಡಿದ್ದಂತೂ ದೊಡ್ಡ ಮಾತು. ಈ ಮಾತು ನೆನಪಿನ್ಯಾಗ ಇಟ್ಕೋರಿ, ಮುಂದ ಬೇಕಾಗ್ತೈತಿ.

ನಮ್ಮ ಕನ್ನಡದಾಗೂ ಈ ವಿದ್ಯಾ ಹಳೇದು. ಕಲ್ಯಾಣದ ಚಾಲುಕ್ಯರ ಕಾಲದಾಗ, ಸುಮಾರು 1025ರಾಗ, ಎರಡನೇ ಚಾವುಂಡರಾಯ ಲೋಕೋಪಕಾರ ಅಂತ ಒಂದು ಪುಸ್ತಕ ಬರದ. ಹೆಸರಿನಂಗ ಲೋಕಕ್ಕ ಉಪಕಾರ ಆಗೂವಂಥಾದ್ದು. ಮನಿ ಕಟ್ಟೂದು, ನೀರಿನ ಸೆಲಿ ಹುಡಕೂದು, ಗಿಡ ಬೆಳಸೂದು, ಸುಗಂಧ ಮಾಡೂದು, ಅಡಗಿ, ದನದ ಔಷಧ ಎಲ್ಲಾ ಅದರಾಗ ಐತಿ. ಅದರ ಜೋಡಿಗೆ ವಿಷಕ್ಕ ಮದ್ದೂ ಐತಿ. ನೋಡ್ರಿ, ಅಡಗಿ ಹೇಳೂ ಪುಸ್ತಕದಾಗ ವಿಷದ ಮದ್ದೂ ಹೇಳ್ಯಾನ. ಸಂಸಾರ ಅಂದ ಮ್ಯಾಲ ಎರಡೂ ಬೇಕು ಅಂತ ಅವನಿಗೆ ಗೊತ್ತಿತ್ತು. ಅದಾದ ಮ್ಯಾಲ ವಿಜಯನಗರದ ಶುರುವಿನ ಕಾಲದಾಗ, ಸುಮಾರು 1360ರಾಗ, ಮಂಗರಾಜ ಅನ್ನೂ ಜೈನ ಕವಿ ಖಗೇಂದ್ರಮಣಿದರ್ಪಣ ಅಂತ ಪೂರಾ ವಿಷವೈದ್ಯದ ಗ್ರಂಥಾನ ಬರದ, ಅದೂ ಪದ್ಯದಾಗ. ಗಿಡ-ಖನಿಜದ ವಿಷಕ್ಕ ಸ್ಥಾವರ ಅಂತಾರ, ಹಾವು-ಚೋಳಿನಂಥ ಹರದಾಡೂ ಜೀವದ ವಿಷಕ್ಕ ಜಂಗಮ ಅಂತಾರ. ಆರುನೂರು ವರ್ಷದ ಹಿಂದ ಕನ್ನಡದಾಗ ಇಂಥಾ ಪುಸ್ತಕ ಹುಟ್ಟಿತ್ತಂದ್ರ ಆಗಿನ ಮಂದಿಗೆ ಈ ಭಯ ಎಷ್ಟು ಹತ್ತಿರದ್ದು ಇತ್ತು ಅಂತ ತಿಳ್ಕೋಬಹುದು.

ಮದ್ದು ಸಿಗದವರು ದೇವರ ಕಡೆ ನೋಡಿದ್ರು. ಕೋಲಾರದ ಕೋಲಾರಮ್ಮನ ಗುಡ್ಯಾಗ ಚೇಳಮ್ಮ ಅಂತ ಒಬ್ಬಾಕಿ ದೇವಿ ಅದಾಳ. ಆಕಿಗೆ ನಡಕೊಂಡ್ರ ಚೋಳಿನ ಕಾಟ ಇರೂದಿಲ್ಲ ಅನ್ನೂ ನಂಬಿಕಿ. ಇತ್ತ ಯಾದಗಿರಿ ಜಿಲ್ಲೇದ ಕಂದಕೂರಿನ್ಯಾಗ ನಾಗರ ಪಂಚಮಿ ದಿನ ಚೋಳಿನ ಜಾತ್ರಿ ಆಗತೈತಿ. ನಾವೆಲ್ಲ ಹುತ್ತಕ್ಕ ಹಾಲು ಎರದು ಜೋಕಾಲಿ ಜೀಕೂ ಹೊತ್ತಿನ್ಯಾಗ, ಅಲ್ಲಿ ಮಂದಿ ಕೊಂಡಮ್ಮಾಯಿ ಗುಡ್ಡ ಹತ್ತಿ, ಕಲ್ಲು ಎತ್ತಿ, ಚೋಳು ಹಿಡದು ಅಂಗೈ ಮ್ಯಾಲ, ಮೈ ಮ್ಯಾಲ ಬಿಟ್ಟಕೋತಾರ. ಸಣ್ಣ ಹುಡುಗ್ರೂ ಹಿಡೀತಾವು. ಆ ದಿನ ಕಡಿಯೂದಿಲ್ಲ, ಕಡದ್ರೂ ದೇವಿ ಕಾಯ್ತಾಳ ಅಂತ ನಂಬಿಕಿ. ನಂಬಿಕಿ ಬಗ್ಗೆ ನಾ ಏನೂ ಅನ್ನೂದಿಲ್ಲ. ಆದ್ರ ಅಂಜಿಸೂವಂಥಾದ್ದನ್ನ ವರ್ಷಕ್ಕೊಮ್ಮೆ ಕೈಯಾಗ ಹಿಡದು ನೋಡಬೇಕು ಅನ್ನೂ ಮನಸ್ಸು ನನಗ ತಿಳೀತೈತಿ. ದಿನಾ ಅಂಜಿ ಬದುಕಿದವರು ಒಂದಿನಾರ ಅಂಜಬಾರದು ಅನಕೊಂಡಿರಬೇಕು.

ಇನ್ನ ಮಂತ್ರದ ಮಾತಿಗೆ ಬರೂಣು. ಹಿಂದ ಊರಿಗೊಬ್ಬ ಚೋಳಿನ ಮಂತ್ರ ಹಾಕೂವ ಇರ್ತಿದ್ದ. ಚೋಳಿನ ಮಂತ್ರ ಬರದವ ಹಾವಿನ ಹುತ್ತಕ್ಕ ಕೈ ಹಾಕಿದ ಅಂತ ಗಾದಿನ ಐತಲ್ಲ, ಅಂದ್ರ ಚೋಳಿನ ಮಂತ್ರ ಭಾಳ ಸಣ್ಣ ವಿದ್ಯಾ ಅಂತ ಲೆಕ್ಕ. ಮಂತ್ರದ ಜೋಡಿ ಮದ್ದೂ ಇದ್ವು. ಹುಣಸೀ ಬೀಜಾನ ಕಲ್ಲಿಗೆ ತಿಕ್ಕಿ ಬಿಸಿ ಮಾಡಿ ಕಡದಲ್ಲಿ ಹಚ್ಚತಿದ್ರು, ಅದು ಅಂಟಕೊಂಡು ವಿಷ ಹೀರಿ ತಾನ ಬೀಳತೈತಿ ಅಂತಿದ್ರು. ಉತ್ತರಾಣಿ ಬೇರು ತೇದು ಹಚ್ಚತಿದ್ರು. ಉಳ್ಳಾಗಡ್ಡಿ ತಿಕ್ಕತಿದ್ರು. ನವಸಾಗರಕ್ಕ ಸುಣ್ಣ ಕೂಡಿಸಿ ಮೂಗಿಗೆ ಹಿಡೀತಿದ್ರು. ಎರಡು ತಾಸು, ನಾಕು ತಾಸಿನ್ಯಾಗ ಉರಿ ಇಳೀತಿತ್ತು. ಮಂತ್ರ ಹತ್ತಿತು ಅಂತ ಎಲ್ಲಾರೂ ಕೈ ಮುಗೀತಿದ್ರು.

ಇಲ್ಲೇ ಇರೂದು ಗುಟ್ಟು. ನಮ್ಮ ಕಡೆ ಮುಖ್ಯ ಎರಡು ನಮೂನಿ ಚೋಳು ಅದಾವು. ಒಂದು ದೊಡ್ಡ ಕರೀ ಚೋಳು. ನೋಡಿದ್ರ ಎದಿ ಝಲ್ ಅಂತೈತಿ. ಅದರ ಮುಂದಿನ ಕೊಂಡಿ ದಪ್ಪ, ಏಡಿ ಕೊಂಡಿ ಇದ್ದಂಗ. ಅದು ಕಡದ್ರ ಉರಿ, ಬಾವು, ಸಂಕಟ ಎಲ್ಲಾ ಖರೇ, ಆದ್ರ ಜೀವಕ್ಕ ಕುತ್ತು ಬರೂದು ಭಾಳ ಅಪರೂಪ. ಉರಿ ತಾಸೊಪ್ಪತ್ತಿನ್ಯಾಗ ತಾನ ಇಳೀತೈತಿ. ಮಂತ್ರ ಹಾಕಿದ್ರೂ ಇಳೀತೈತಿ, ಹಾಕದಿದ್ರೂ ಇಳೀತೈತಿ. ಇನ್ನೊಂದು ಸಣ್ಣ ಕೆಂಪು ಚೋಳು. ಎರಡ-ಮೂರು ಇಂಚು ಇದ್ದರ ಭಾಳ. ಮುಂದಿನ ಕೊಂಡಿ ತೆಳ್ಳಗ, ಬಾಲ ದಪ್ಪ. ನೋಡಾಕ ಬಡಪಾಯಿ. ಹುಡುಗ್ರ ಜೀವ ತಗೊಳ್ಳೂದು ಅದ. ಮುಂದಿನ ಕೊಂಡಿ ತೆಳುವಿದ್ದು ಬಾಲ ದಪ್ಪ ಇದ್ದದ್ದನ್ನ ಜಾಸ್ತಿ ಅಂಜಬೇಕು ಅಂತ ತಿಳಿದವರು ಹೇಳ್ತಾರ. ಮಂತ್ರದವನಿಗೆ ಹೆಸರು ಬಂದಿದ್ದು ಕರೀ ಚೋಳಿನಿಂದ. ಕೆಂಪು ಚೋಳಿನ ಮುಂದ ಅವನ ಕೈ ನಡೀತಿರಲಿಲ್ಲ. ಆಗ "ಆಯುಷ್ಯ ಅಷ್ಟ ಇತ್ತು" ಅಂತಿದ್ರು.

ನನ್ನ ಅತ್ತೀಯವರ ಅಕ್ಕಗ ನಾವು ದೊಡ್ಡತ್ತಿ ಅಂತಿದ್ವಿ. ಅವರ ಹಿರೇ ಮಗ ಆರು ವರ್ಷದಂವ, 1970ರ ಆಸುಪಾಸು ಹಿಂಗ ಹೋದ. ಸಂಜೀಮುಂದ ಕುಳ್ಳು ತಾ ಅಂತ ದೊಡ್ಡತ್ತಿನ ಕಳಿಸಿದ್ರಂತ. ಬೆರಳಿಗೆ ಕಡೀತು. ಮಂತ್ರದವ ಬಂದ, ಬೇವಿನ ತಪ್ಪಲ ಇಳಿಸಿದ. ಹುಡುಗ ಉರಿ ಅಂತ ಭಾಳ ಅಳಲಿಲ್ಲ, ಅದಕ್ಕ ಎಲ್ಲಾರೂ ಸಮಾಧಾನ ಆದ್ರು. ಆದ್ರ ಎರಡು ಸಲ ವಾಂತಿ ಮಾಡಿಕೊಂಡ. ಅಂಗಿ ತೊಯ್ಯೂವಂಗ ಬೆವತ. ಕೈಕಾಲು ತಣ್ಣಗ ಆದ್ವು. ವಿಷ ಇಳದು ಮೈ ತಂಪಾತು ಅಂತ ಹಿರ್ಯಾರು ಅಂದ್ರು. ಮಲಗಿಸಿದ್ರು. ನಡುರಾತ್ರಿ ಕೆಮ್ಮು ಹತ್ತಿತು, ಉಸಿರು ಸಿಗವಲ್ದಾತು, ಬಾಯಾಗ ನೊರಿ ಬಂತು. ಬೆಳಗಾಗೂದ್ರಾಗ ಹೋದ. ಆಮ್ಯಾಲ ಮನ್ಯಾಗ ಯಾರೂ ಜೋರಾಗಿ ಅನ್ನಲಿಲ್ಲ. ಆದ್ರ ಕುಳ್ಳು ತರಾಕ ಕಳಿಸಿದಾಕಿ ಆಕಿ ಅನ್ನೂದು ಆ ಮನ್ಯಾಗ ಐವತ್ತು ವರ್ಷ ಉಳೀತು.

ಅದ ಹೊತ್ತಿನ್ಯಾಗ ನಮ್ಮ ಪಕ್ಕದ ಮಹಾರಾಷ್ಟ್ರದಾಗೂ ಇಂಥಾ ಹುಡುಗ್ರು ಸಾಯ್ತಿದ್ವು. ಕೊಂಕಣದ ಕೆಂಪು ಮಣ್ಣಿನ ನಾಡಿನ್ಯಾಗ, ರಾಯಗಡ ಜಿಲ್ಲೇದ ಮಹಾಡದ ಸುತ್ತಮುತ್ತ ಈ ಕೆಂಪು ಚೋಳು ಭಾಳ. ಅಲ್ಲಿ ಬಿರವಾಡಿ ಅನ್ನೂ ಸಣ್ಣೂರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕ 1976ರಾಗ ಒಬ್ಬ ಹರೇದ ಡಾಕ್ಟರ್ ಬಂದ್ರು. ಹೆಸರು ಹಿಮ್ಮತರಾವ್ ಬಾವಸ್ಕರ್, ಜಾಲನಾ ಜಿಲ್ಲೇದ ಹಳ್ಳಿ ಕಡೆಯವರು. ಚೋಳು ಕಡದು ಬಂದ ಹುಡುಗ್ರು ಅವರ ಕಣ್ಣ ಮುಂದ ಸಾಯಾಕ ಹತ್ತಿದ್ವು. ಆಗ ಡಾಕ್ಟರ ಕೈಯಾಗಿದ್ದ ಔಷಧ ಒಂದೂ ನಡೀಲಿಲ್ಲ. ಅವರು ಏನ್ ಮಾಡಿದ್ರಂದ್ರ ಪೇಶಂಟಿನ ಹಾಸಿಗಿ ಬಾಜೂಕ ರಾತ್ರಿಯೆಲ್ಲಾ ಕುಂತು ನೋಡಿದ್ರು. ಯಾವಾಗ ವಾಂತಿ, ಯಾವಾಗ ಬೆವರು, ಯಾವಾಗ ಕೈ ತಣ್ಣಗ ಆತು, ಬಿಪಿ ಎಷ್ಟು, ನಾಡಿ ಎಷ್ಟು ಅಂತ ಬರದಿಟ್ರು. ನಮ್ಮವ್ವಗಳು ಹಡದ ಕೂಸಿನ ಬಾಜೂಕ ಕುಂತು ನೋಡ್ತಾರಲ್ಲ, ಹಂಗ. 1982ರಾಗ ಅವರು ಕಂಡ ಲಕ್ಷಣ ಎಲ್ಲಾ ಲಂಡನ್ನಿನ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕ್ಯಾಗ ಬಂತು.

ಅವರು ಕಂಡುಕೊಂಡಿದ್ದು ಇಷ್ಟ. ಹುಡುಗ್ರು ಸಾಯ್ತಿದ್ದದ್ದು ಉರಿಯಿಂದ ಅಲ್ಲ, ಎದಿಯಿಂದ. ಕೆಂಪು ಚೋಳಿನ ವಿಷ ಮೈಯಾಗಿನ ನರಗಳನ್ನ ಕೆರಳಿಸತೈತಿ. ರಕ್ತದ ನಾಳ ಎಲ್ಲಾ ಬಿಗೀತಾವು. ಅದಕ್ಕ ಕೈಕಾಲು ತಣ್ಣಗ, ಅದಕ್ಕ ಬೆವರು. ಬಿಪಿ ಏರತೈತಿ. ಬೋರಿನ ಪೈಪ್ ತುಳಕೊಂಡು ನಿಂತ್ರ ಮೋಟರಿಗೆ ಭಾರ ಬೀಳತೈತಲ್ಲ, ಹಂಗ ಎದಿಗೆ ಭಾರ ಬೀಳತೈತಿ. ಕಡೀಕ ಎದಿ ಸೋತು, ನೀರು ಪುಪ್ಪಸಕ್ಕ ಇಳೀತೈತಿ. ಆ ನೊರಿ, ಆ ಕೆಮ್ಮು ಅದರದ್ದ. ತಂಪಾತು ಅಂತ ನಾವು ಸಮಾಧಾನ ಮಾಡ್ಕೊಂಡಿದ್ದೀವಲ್ಲ, ಅದ ಅಪಾಯದ ಗುರ್ತು.

ಪೈಪ್ ಬಿಗದದ್ದನ್ನ ಸಡಲ ಮಾಡಿದ್ರ ಮೋಟರ್ ಉಳೀಬೇಕಲ್ಲ? ಪ್ರಾಜೋಸಿನ್ ಅಂತ ಬಿಪಿಗೆ ಕೊಡೂ ಒಂದು ಗುಳಿಗಿ ಆಗಲೇ ಪ್ಯಾಟ್ಯಾಗ ಸಿಗತಿತ್ತು. ದುಬಾರಿದೂ ಅಲ್ಲ. ಅದು ಬಿಗದ ರಕ್ತನಾಳ ಬಿಡಸತೈತಿ. ಅದನ್ನ ಅವರು ಚೋಳು ಕಡದವರಿಗೆ ಕೊಟ್ಟು ನೋಡಿದ್ರು, ಹುಡುಗ್ರು ಉಳೀಲಿಕ್ಕೆ ಹತ್ತಿದ್ವು. 1986ರಾಗ ಅದೂ ಲ್ಯಾನ್ಸೆಟ್ಟಿನ್ಯಾಗ ಬಂತು. ನೂರಕ್ಕ ನಲವತ್ತರ ಹತ್ತಿರ ಇದ್ದ ಸಾವು ನೂರಕ್ಕ ಒಂದರ ಹತ್ತಿರ ಇಳೀತು ಅಂತ ಅವರ ಲೆಕ್ಕ. ಈ ಕೆಲಸದಾಗ ಅವರ ಹೆಂಡತಿ ಡಾಕ್ಟರ್ ಪ್ರಮೋದಿನಿ ಬಾವಸ್ಕರ್ ಅವರೂ ಜೋಡಿಗೆ ದುಡದಾರ, ಲೇಖನದಾಗ ಅವರ ಹೆಸರೂ ಇರತೈತಿ. ಇದನ್ನ ನಮ್ಮಂಥವರು ಮರೀಬಾರದು. ಮುಂದ ಮುಂಬೈಯ ಹಾಫ್ಕಿನ್ ಸಂಸ್ಥಾದವರು ಮಾಡಿದ ಕೆಂಪು ಚೋಳಿನ ವಿಷಕ್ಕ ಪ್ರತಿವಿಷದ ಇಂಜೆಕ್ಷನ್ನೂ ಬಂತು. ಗುಳಿಗಿ ಜೋಡಿ ಆ ಇಂಜೆಕ್ಷನ್ ಕೊಟ್ರ ಇನ್ನೂ ಲಗೂ ಆರಾಮ ಆಗ್ತಾರ ಅಂತ 2011ರಾಗ ಬಿಎಂಜೆ ಅನ್ನೂ ಪತ್ರಿಕ್ಯಾಗ ತೋರಿಸಿಕೊಟ್ರು. 2022ರಾಗ ಬಾವಸ್ಕರ್ ಅವರಿಗೆ ಪದ್ಮಶ್ರೀ ಬಂತು.

ಆ ಪದ್ಮಶ್ರೀ ಸುದ್ದಿ ಬಂದಾಗ ನನ್ನ ಮಗಳು ಇದನ್ನೆಲ್ಲಾ ಓದಿ ಹೇಳಿದ್ಳು. ದೊಡ್ಡತ್ತಿ ಆಗ ಹಾಸಿಗಿ ಹಿಡದಿದ್ರು. ನಾ ಹೋಗಿ ಬಾಜೂಕ ಕುಂತು ಸಾವಕಾಶ ಹೇಳಿದೆ. ನಿಮ್ಮ ಮಗ ಹೋದಾಗ ಈ ಔಷಧ ಇನ್ನೂ ಯಾರಿಗೂ ಗೊತ್ತಿರಲಿಲ್ಲರಿ, ದೊಡ್ಡ ಪ್ಯಾಟಿ ದವಾಖಾನಿಗೆ ಒಯ್ದಿದ್ರೂ ಉಳಸೂದು ಕಷ್ಟ ಇತ್ತು, ಇದು ಗೊತ್ತಾಗಿದ್ದು ಹತ್ತು-ಹದಿನೈದು ವರ್ಷ ಆದ ಮ್ಯಾಲ ಅಂದೆ. ಅವರು ಭಾಳ ಹೊತ್ತು ಜಂತಿ ನೋಡಿದ್ರು. "ಹಂಗಾರ ಅದು ನನ್ನ ಕೈಯಾಗ ಇರಲಿಲ್ಲ ಅನ್ನು" ಅಂದ್ರು. ಇಲ್ಲರಿ ಅಂದೆ. ಅಷ್ಟ ಮಾತು. ಇತಿಹಾಸ ತಿಳ್ಕೊಂಡು ಏನ್ ಮಾಡೂದೈತಿ ಅಂತ ಕೇಳ್ತಾರಲ್ಲ, ಅವರಿಗೆ ನಾ ಇದನ್ನ ಹೇಳ್ತೀನಿ.

ಆದ್ರ ಅಕ್ಕಾರ, ಆಗ ಇರಲಿಲ್ಲ ಅನ್ನೂ ಮಾತು ಈಗ ನಡಿಯೂದಿಲ್ಲ. ಈಗ ಐತಿ. ಈಗ ನಾವು ತಡಾ ಮಾಡಿದ್ರ ಅದು ನಮ್ಮ ತಡಾನ.

ಮನಿ ಬದಲಾಗ್ಯಾವು, ಅದನ್ನೂ ಹೇಳಬೇಕು. ಕುಳ್ಳು ಹೋಗಿ ಗ್ಯಾಸ್ ಬಂತು, ಮಣ್ಣಿನ ನೆಲ ಹೋಗಿ ಶಾಬಾದಿ ಪರ್ಸಿ ಬಂತು, ಅದರ ಮ್ಯಾಲ ಟೈಲ್ಸ್ ಬಂತು. ನುಣುಪು ಟೈಲ್ಸಿನ ಗ್ವಾಡಿ ಹತ್ತಾಕ ಚೋಳಿಗೆ ಬರೂದಿಲ್ಲ. ಹಂಗಂತ ಅವು ಹೋಗಿಲ್ಲ. ಹಿತ್ತಲದಾಗ ಉಳದ ಇಟ್ಟಂಗಿ ರಾಶಿ, ಉಸುಕು, ಬಚ್ಚಲ ಮೋರಿ, ಹೊರಗ ಬಿಟ್ಟ ಬೂಟು, ಒಣಗಾಕ ಹಾಕಿ ರಾತ್ರಿ ಬಿಟ್ಟ ಅರಿವಿ, ಇವೇ ಈಗಿನ ಕುಳ್ಳಿನ ಬುಟ್ಟಿ. ಚೋಳು ರಾತ್ರಿ ತಿರಗತೈತಿ, ಜೊಂಡಿಗ್ಯಾ ತಿಂತೈತಿ. ತಿನ್ನಾಕ ಏನೂ ಸಿಗದಿದ್ರೂ ತಿಂಗಳಗಟ್ಲೆ ಬದುಕತೈತಿ. ಹಿಂಗಾಗಿ ಜೊಂಡಿಗ್ಯಾ ಕಡಿಮಿ ಮಾಡಿದ್ರ ಚೋಳೂ ಕಡಿಮಿ ಆಗ್ತಾವು. ಹಿತ್ತಲದಾಗ ಕೋಳಿ ಇದ್ದರಂತೂ ಭಾಳ ಚಲೋ, ಹೆಕ್ಕಿ ತಿಂತಾವು. ಗ್ವಾಡಿ ಬಿರುಕಿಗೆ ಸಿಮೆಂಟ್ ತುಂಬಸ್ರಿ, ಮೋರಿಗೆ ಜಾಳಿಗಿ ಹಾಕ್ರಿ, ಕಟ್ಟಿಗಿ-ಇಟ್ಟಂಗಿ ಗ್ವಾಡಿಗೆ ಹಚ್ಚಿ ಒಟ್ಟಬ್ಯಾಡ್ರಿ. ಹಾಸಿಗಿ, ಬೂಟು, ಅರಿವಿ ಝಾಡಿಸಿ ತಗೋರಿ. ಮಂಚ ಗ್ವಾಡಿಯಿಂದ ಒಂದು ಗೇಣು ದೂರ ಇಡ್ರಿ, ಕೌದಿ ನೆಲಕ್ಕ ಜೋತು ಬೀಳದಂಗ ನೋಡ್ರಿ. ನೋಟು ಖರೇ-ಖೊಟ್ಟಿ ನೋಡೂ ನೀಲಿ ಬೆಳಕಿನ ಬ್ಯಾಟ್ರಿ ಇರತಾವಲ್ಲ, ಕತ್ತಲದಾಗ ಅದನ್ನ ಬಿಟ್ರ ಚೋಳು ಹಸರಾಗಿ ಮಿಂಚತೈತಿ. ಇದು ನಮ್ಮ ಅಜ್ಜಿ ಕಾಲದಾಗ ಇದ್ದಿದ್ದ್ರ ಎಷ್ಟು ಬೆರಳು ಉಳೀತಿದ್ವೋ.

ಕಡದ್ರ ಏನ್ ಮಾಡಬೇಕು? ಸಾಬಾಣ ಹಚ್ಚಿ ನೀರಿನಿಂದ ತೊಳೀರಿ. ಬರ್ಫ ಇದ್ದರ ಅರಿವ್ಯಾಗ ಸುತ್ತಿ ಇಡ್ರಿ. ಬ್ಲೇಡಿನಿಂದ ಕೊಯ್ಯಬ್ಯಾಡ್ರಿ, ಬಾಯಿಂದ ಹೀರಬ್ಯಾಡ್ರಿ, ಹಗ್ಗ ಬಿಗೀಬ್ಯಾಡ್ರಿ. ದೊಡ್ಡವರಿಗೆ ಬರೇ ಉರಿ ಇದ್ದರೂ ದವಾಖಾನ್ಯಾಗ ಉರಿ ಕಡಿಮಿ ಆಗೂ ಇಂಜೆಕ್ಷನ್ ಕೊಡ್ತಾರ. ಸಣ್ಣ ಹುಡುಗ್ರಿಗೆ ಕಡದ್ರ ಯಾವ ಚೋಳು ಅಂತ ವಿಚಾರ ಮಾಡ್ಕೋತ ಕುಂಡ್ರಬ್ಯಾಡ್ರಿ, ಸೀದಾ ಹೊಂಡ್ರಿ. ವಾಂತಿ, ಮೈ ತುಂಬ ಬೆವರು, ಜೊಲ್ಲು, ಕೈಕಾಲು ತಣ್ಣಗ ಆಗೂದು, ಎದಿ ಬಡಿತ ಜೋರಾಗೂದು, ಗಂಡುಹುಡುಗ್ರಿಗೆ ಮೂತ್ರದ ಅಂಗ ಬಿರುಸಾಗಿ ನಿಲ್ಲೂದು, ಇವೆಲ್ಲಾ ವಿಷ ಏರಿದ ಗುರ್ತು. ಕಡೀದನ್ನ ಹೇಳಾಕ ನಾಚಬ್ಯಾಡ್ರಿ, ಡಾಕ್ಟರಿಗೆ ಅದು ಗೊತ್ತಾಗಬೇಕು. ಗಾಡಿ ಇಲ್ಲಂದ್ರ 108ಕ್ಕ ಫೋನ್ ಹಚ್ಚರಿ, ನಮ್ಮ ರಾಜ್ಯದಾಗ ಅದು 2008ರಿಂದ ಐತಿ. ಒಂದು ಮಾತು: ಆ ಗುಳಿಗೀನ ಮನ್ಯಾಗ ತಂದಿಟ್ಟು ನೀವ ಕೊಡಬ್ಯಾಡ್ರಿ. ಬಿಪಿ ಒಮ್ಮೆಲೇ ಇಳದು ಹುಡುಗ ಬೀಳಬಹುದು. ಮಲಗಿಸಿ, ಬಿಪಿ ನೋಡ್ಕೋತ ಡಾಕ್ಟರ್ರ ಕೊಡಬೇಕು.

ಮಂತ್ರ ಹಾಕಸೂದು ನಿಮಗ ಸಮಾಧಾನ ಅನಿಸಿದ್ರ ಹಾಕಸ್ರಿ, ಯಾರೂ ಬ್ಯಾಡ ಅನ್ನೂದಿಲ್ಲ. ಗಾಡ್ಯಾಗ ಕುಂತು ದವಾಖಾನಿಗೆ ಹೋಗೂ ದಾರ್ಯಾಗ ಹಾಕಸ್ರಿ. ನಿಮ್ಮ ಮನ್ಯಾಗ ಯಾವ ತಾಯೀನೂ ಕುಳ್ಳಿನ ಬುಟ್ಟಿ ನೆನಸಕೋತ ಐವತ್ತು ವರ್ಷ ಕಳೀಬಾರದು.